ಉಜ್ಬೆಕ್ ಭಾಷೆಯಲ್ಲಿ ‘ಸುಸ್ತಾಯಿತು’ ಎಂದು ಹೇಳುವುದು ಹೇಗೆ?

ಕಡಿಯಾಳಿ ವಿದ್ಯಾರ್ಥಿನಿ (ಉಡುಪಿ)

ಎಲ್ಲರಿಗೂ ನಮಸ್ಕಾರ. ನಾನು ಉಜ್ಬೆಕಿಸ್ತಾನದ ಸಮರ್ಕಂದದಲ್ಲಿ ವೈದ್ಯಕೀಯ ಓದುತ್ತಿದ್ದು, ರಜೆಯಲ್ಲಿ ಉಡುಪಿಯ ಮನೆಗೆ ಬಂದಿದ್ದೇನೆ. ಪಾಠಗಳು ಇಂಗ್ಲಿಷಿನಲ್ಲಿ ನಡೆಯುವುದರಿಂದ ಮೊದಲ ಎರಡು ವರ್ಷ ಅಲ್ಲಿನ ಭಾಷೆಯನ್ನು ಅಂಗಡಿಗೂ ಬಸ್ಸಿಗೂ ಬೇಕಾಗುವಷ್ಟು ಮಾತ್ರ ಕಲಿತಿದ್ದೆ. ವಾರ್ಡಿಗೆ ಹೋಗಲು ಆರಂಭಿಸಿದ ಮೇಲೆ ಅದು ಏನೇನೂ ಸಾಲದೆಂದು ತಿಳಿಯಿತು. ಆಸ್ಪತ್ರೆಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಮೊದಲು ಹೇಳುವುದೇ ಸುಸ್ತಿನ ಬಗ್ಗೆ. ಆದರೆ ಒಬ್ಬೊಬ್ಬರು ಒಂದೊಂದು ಮಾತಿನಲ್ಲಿ ಹೇಳುತ್ತಾರೆ.

ಎರಡು ಪ್ರಸಂಗಗಳನ್ನು ಹೇಳಿದರೆ ನನ್ನ ತೊಡಕು ನಿಮಗೆ ಅರ್ಥವಾದೀತು. ಒಮ್ಮೆ ಒಬ್ಬ ಅಜ್ಜಿ ನನ್ನ ಕೈ ಹಿಡಿದು ‘ಮಜಮ್ ಯೋಕ್’ ಎಂದರು. ‘ಮಜ’ ಎಂದರೆ ರುಚಿ, ‘ಯೋಕ್’ ಎಂದರೆ ಇಲ್ಲ ಎಂಬುದು ನನಗೆ ಗೊತ್ತಿದ್ದುದರಿಂದ, ಅವರಿಗೆ ಬಾಯಿರುಚಿ ಕೆಟ್ಟಿದೆ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಸಂಜೆ ನಮಗೆ ಕಲಿಸುವ ವೈದ್ಯರು ಅದನ್ನು ಓದಿ, ಅಜ್ಜಿ ಹೇಳಿದ್ದು ನಾಲಿಗೆಯ ವಿಷಯವಲ್ಲ ಎಂದು ತಿದ್ದಿದರು. ಇನ್ನೊಮ್ಮೆ, ರಾತ್ರಿಯ ಪಾಳಿ ಮುಗಿಯುವ ಹೊತ್ತಿಗೆ ಹಿರಿಯ ದಾದಿಯೊಬ್ಬರು ಹೇಗಿದ್ದೀಯೆಂದು ಕೇಳಿದಾಗ, ‘ಸುಸ್ತು’ ಎಂಬ ಪದ ನಮಗೆ ಫಾರ್ಸಿಯಿಂದ ಬಂದದ್ದೆಂದು ಓದಿದ ನೆನಪಿನಲ್ಲಿ, ಅದೇ ಅಲ್ಲಿಯೂ ಸಲ್ಲುತ್ತದೆಂದು ನಂಬಿ, ‘ಮೆನ್ ಸುಸ್ತ್’ ಎಂದುಬಿಟ್ಟೆ. ಅವರು ಗಾಬರಿಯಿಂದ ನನ್ನ ಬೆನ್ನು ತಟ್ಟಿ, ಹಾಗೆ ಹೇಳಿಕೊಳ್ಳಬೇಡ, ನೀನು ಚೆನ್ನಾಗಿಯೇ ಕೆಲಸ ಮಾಡುತ್ತೀ ಎಂಬರ್ಥದ ಮಾತುಗಳನ್ನಾಡಿದರು.

ಸುಸ್ತಾಗಿದೆ ಎಂದು ಹೇಳಲು ಸರಿಯಾದ ಮಾತು ಯಾವುದು, ರೋಗಿಗಳು ಬಳಸುವ ಬೇರೆ ಬೇರೆ ಮಾತುಗಳ ನಡುವೆ ಇರುವ ಅಂತರವೇನು, ಹಿರಿಯರ ಎದುರು ದಣಿವಿನ ಮಾತನ್ನು ಹೇಗೆ ಆಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕಾಗಿ ವಿನಂತಿ.

ತಾಶ್ಕೆಂಟಿನಲ್ಲಿ ಇದ್ದವ (ಸುರತ್ಕಲ್)

ತಂಗಿ, ಕೆಲಸದ ನಿಮಿತ್ತ ನಾನು ತಾಶ್ಕೆಂಟಿನಲ್ಲಿ 6 ವರ್ಷ ಇದ್ದೆ. ನಿಮಗೆ ಮೊದಲು ಬೇಕಾದ ಮಾತು ‘ಚರ್ಚದಿಮ್’. ‘ಚರ್ಚ’ ಎಂಬುದು ದಣಿಯುವುದನ್ನು ಹೇಳುವ ಧಾತು, ‘ದಿ’ ಭೂತಕಾಲದ ಗುರುತು, ಕೊನೆಯ ‘ಮ್’ ‘ನಾನು’ ಎಂಬುದನ್ನು ಸೂಚಿಸುತ್ತದೆ. ನಮ್ಮ ‘ದಣಿದೆನು’ ಕೂಡ ಇದೇ ಕ್ರಮದಲ್ಲಿ ಕಟ್ಟಿದ ಮಾತು. ಆದ್ದರಿಂದ ‘ಮೆನ್’ ಎಂದು ಪ್ರತ್ಯೇಕವಾಗಿ ಹೇಳದಿದ್ದರೂ ನಡೆಯುತ್ತದೆ. ಬಹಳ ಸುಸ್ತಾಗಿದ್ದರೆ ‘ಜುದಾ ಚರ್ಚದಿಮ್’ ಎನ್ನಿ. ಈ ಗಳಿಗೆಯ ಸುಸ್ತಿಗೂ ಅವರು ಭೂತಕಾಲವನ್ನೇ ಬಳಸುತ್ತಾರೆ, ನಾವು ‘ಸುಸ್ತಾಯಿತು’ ಎನ್ನುವ ಹಾಗೆ. ‘ಚರ್ಚಗನ್‌ಮನ್’ ಎಂದರೆ ‘ದಣಿದಿದ್ದೇನೆ’ ಎಂದಾಗುತ್ತದೆ. ‘ಚರ್ಚಯಪ್‌ಮನ್’ ಎಂದರೆ ದಣಿವು ಈಗಷ್ಟೇ ಏರುತ್ತಿದೆ ಎಂದಾಗುತ್ತದೆ.

ಉಚ್ಚಾರಣೆಯ ಬಗ್ಗೆ ಒಂದು ಮಾತು. ಈ ಪದದ ಅಕಾರ ನಮ್ಮ ಅಕಾರವಲ್ಲ. ತುಳುವಿನಲ್ಲಿ ‘ಯಾನ್ ಮಲ್ಪುವೆ’ ಎನ್ನುವಾಗ ಕೊನೆಯಲ್ಲಿ ಬಾಯಿ ಅಗಲಿಸಿ ಹೇಳುವ ಸ್ವರವೊಂದಿದೆ. ‘ಆಯೆ ಮಲ್ಪುವೆ’ ಎನ್ನುವಾಗಿನ ಎಕಾರ ಬೇರೆ. ಆ ಮೊದಲನೆಯ ಸ್ವರಕ್ಕೆ ಹತ್ತಿರವಾಗಿ ‘ಚರ್ಚದಿಮ್’ ಎಂದರೆ ಅವರ ಕಿವಿಗೆ ಸರಿಯಾಗಿ ಬೀಳುತ್ತದೆ. ಅವರು ಲ್ಯಾಟಿನ್ ಲಿಪಿಯಲ್ಲಿ ಬರಿಯ ‘ಒ’ ಎಂದು ಬರೆಯುವುದನ್ನು ನಾನಿಲ್ಲಿ ‘ಆ’ ಎಂದು ಬರೆಯುತ್ತೇನೆ, ಇಂಗ್ಲಿಷಿನ ‘ಕಾಲ್’, ‘ಬಾಲ್’ ಪದಗಳಲ್ಲಿರುವ ಹಾಗೆ ತುಟಿಯನ್ನು ತುಸು ದುಂಡಗೆ ಮಾಡಿ ಓದಿಕೊಳ್ಳಿ.

ನಮ್ಮೂರಿನವರು ತಪ್ಪುವುದು ಸಾಮಾನ್ಯವಾಗಿ ಇನ್ನೊಂದು ಕಡೆ. ಕನ್ನಡದಲ್ಲಿ ಸುಸ್ತು ‘ನನಗೆ’ ಆಗುತ್ತದೆ. ತುಳುವಿನಲ್ಲಿಯೂ ‘ಎಂಕ್ ಬಚ್ಚಿಂಡ್’ ಎನ್ನುತ್ತೇವೆ. ಅದೇ ಅಭ್ಯಾಸದಿಂದ ನಾನು ಮೊದಲ ತಿಂಗಳುಗಳಲ್ಲಿ ‘ಮೆಂಗ ಚರ್ಚದಿ’ ಎನ್ನುತ್ತಿದ್ದೆ. ಆ ಭಾಷೆಯಲ್ಲಿ ಹಾಗಿಲ್ಲ: ದಣಿಯುವವನೇ ಕರ್ತೃ. ಆದರೆ ನಿದ್ದೆಯ ವಿಷಯದಲ್ಲಿ ಅವರ ದಾರಿಯೂ ನಮ್ಮ ದಾರಿಯೂ ಕೂಡುತ್ತವೆ. ‘ಉಯ್ಕುಮ್ ಕೆಲ್ಯಪ್ತಿ’ ಎಂದರೆ ಅಕ್ಷರಶಃ ‘ನನ್ನ ನಿದ್ದೆ ಬರುತ್ತಿದೆ’. ತಲೆ ತಿರುಗುವುದೂ ಹಾಗೆಯೇ, ‘ಬಾಶಿಮ್ ಐಲನ್ಯಪ್ತಿ’.

ಇನ್ನು ನನಗೆ ಅತ್ಯಂತ ಇಷ್ಟವಾದ ಸಂಗತಿ. ನಾವು ‘ದಣಿದು ಹೋದೆ’, ‘ಸುಸ್ತಾಗಿ ಬಿಟ್ಟಿತು’ ಎನ್ನುತ್ತೇವಲ್ಲ, ಇಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ, ಏನನ್ನೂ ಬಿಡುವುದಿಲ್ಲ; ಎರಡನೆಯ ಕ್ರಿಯಾಪದ ಮೊದಲನೆಯದಕ್ಕೆ ಬಣ್ಣ ಕೊಡುತ್ತದೆ ಅಷ್ಟೆ. ಉಜ್ಬೆಕಿನಲ್ಲಿಯೂ ಹಾಗೆಯೇ. ‘ಚರ್ಚಬ್ ಕೆತ್ದಿಮ್’ ಎಂಬಲ್ಲಿ ‘ಕೆತ್’ ಎಂದರೆ ಹೊರಟುಹೋಗು. ಮಾತಿನಲ್ಲಿ ಅದು ‘ಕೆತ್ತಿಮ್’ ಎಂದು ಕೇಳಿಸುತ್ತದೆ. ಅರ್ಥ ‘ತೀರಾ ದಣಿದು ಹೋದೆ’. ‘ಚರ್ಚಬ್ ಕಾಲ್ದಿಮ್’ ಎಂಬಲ್ಲಿ ‘ಕಾಲ್’ ಎಂದರೆ ಉಳಿ; ಈ ಕಕಾರವನ್ನು ಗಂಟಲಿನ ಹಿಂಭಾಗದಿಂದ ಹೇಳಬೇಕು. ನಾನು ಬಯಸದಿದ್ದರೂ ಆ ಸ್ಥಿತಿಗೆ ಬಂದೆ ಎಂಬ ಧ್ವನಿ ಇದರಲ್ಲಿದೆ. ಯುರೋಪಿನ ಭಾಷೆಗಳಿಂದ ಬಂದು ಕಲಿಯುವವರಿಗೆ ಈ ಜೋಡಿ ಕ್ರಿಯಾಪದಗಳನ್ನು ಪಾಠ ಮಾಡಿ ತಿಳಿಸಬೇಕಾಗುತ್ತದೆ. ನೀವು ಅವನ್ನು ಬಾಲ್ಯದಿಂದಲೇ ಆಡುತ್ತಾ ಬಂದಿದ್ದೀರಿ, ಆದ್ದರಿಂದ ಧೈರ್ಯವಾಗಿ ಬಳಸಿ.

ನಿವೃತ್ತ ಕನ್ನಡ ಅಧ್ಯಾಪಕ (ಬಲ್ಮಠ, ಮಂಗಳೂರು)

ಬಹಳ ಉಪಯುಕ್ತವಾದ ವಿವರಣೆ. ನನಗೆ ಉಜ್ಬೆಕ್ ಬಾರದು. ಆದರೆ ಕನ್ನಡಕ್ಕೆ ಬಂದ ಫಾರ್ಸಿ, ಅರಬ್ಬಿ ಪದಗಳ ಬಗ್ಗೆ ಬಹುಕಾಲದಿಂದ ಆಸಕ್ತಿಯಿದೆ. ವಿಜಯಪುರದ ಆದಿಲಶಾಹಿಗಳ ಕಾಲದಲ್ಲಿಯೂ, 1763ರಲ್ಲಿ ಮಂಗಳೂರು ಹೈದರಾಲಿಯ ವಶವಾದ ಮೇಲೆ ನಮ್ಮ ಕರಾವಳಿಯ ಕಚೇರಿಗಳಲ್ಲಿಯೂ ಈ ಪದಗಳು ಬಳಕೆಯಲ್ಲಿದ್ದವು. ಬಲ ಮತ್ತು ದಣಿವುಗಳನ್ನು ಕುರಿತ ನಮ್ಮ ದಿನಬಳಕೆಯ ಪದಗಳಲ್ಲಿ ಸುಸ್ತು, ತಾಕತ್ತು, ಕುವ್ವತ್ತು, ಬೇಜಾರು ಇವೆಲ್ಲವೂ ಆ ಕಡೆಯಿಂದ ಬಂದವು. ಉಜ್ಬೆಕ್ ತುರ್ಕಿ ಕುಟುಂಬದ ಭಾಷೆಯಾದರೂ ಫಾರ್ಸಿಯ ನೆರೆಯಲ್ಲೇ ಬೆಳೆದದ್ದು. ಹಾಗಿರುವಾಗ ಈ ಪದಗಳು ಅಲ್ಲಿಯೂ ಇರಬೇಕಲ್ಲವೆ? ಇದ್ದರೆ, ಈ ಹುಡುಗಿಗೆ ಕಲಿಕೆಯ ಅರ್ಧ ಭಾರ ಇಳಿದ ಹಾಗೆ ಆಗುತ್ತದೆ ಎಂದು ನನ್ನ ಅನಿಸಿಕೆ.

ತಾಶ್ಕೆಂಟಿನಲ್ಲಿ ಇದ್ದವ (ಸುರತ್ಕಲ್)

ಗುರುಗಳೇ, ನೀವು ಹೇಳಿದ ನಾಲ್ಕೂ ಪದಗಳು ಅಲ್ಲಿವೆ ಎಂಬುದು ನಿಜ. ಆದರೆ ಭಾರ ಇಳಿಯುತ್ತದೆ ಎಂಬುದನ್ನು ಮಾತ್ರ ನಾನು ವಿನಯದಿಂದ ಒಪ್ಪಲಾರೆ. ನನ್ನ ಅನುಭವದಲ್ಲಿ ಹೆಚ್ಚು ಎಡವಿಸಿದವು ಈ ಪರಿಚಿತ ಪದಗಳೇ. ಒಂದೇ ಮನೆಯಿಂದ ಹೊರಟ ಪದ ಇಲ್ಲಿಗೆ ಬಂದು ಒಂದು ಅರ್ಥವನ್ನು ಹಿಡಿದರೆ ಅಲ್ಲಿ ಇನ್ನೊಂದನ್ನು ಹಿಡಿದಿದೆ.

ಉಜ್ಬೆಕಿನ ‘ಸುಸ್ತ್’ ಎಂದರೆ ನಿಧಾನ, ಜಡ, ಚುರುಕಿಲ್ಲದ್ದು. ಫಾರ್ಸಿಯಲ್ಲಿಯೂ ಅದಕ್ಕೆ ಸಡಿಲ, ದುರ್ಬಲ, ಆಲಸ್ಯ ಎಂಬ ಅರ್ಥಗಳೇ ಇವೆ; ಅದನ್ನು ದಣಿವಿಗೆ ತಿರುಗಿಸಿಕೊಂಡವರು ನಾವು. ತಂಗಿ ಆ ದಾದಿಗೆ ಹೇಳಿದ್ದು ‘ನಾನು ಜಡಸ್ವಭಾವದವಳು’ ಎಂಬಂತೆ ಕೇಳಿಸಿರಬೇಕು, ಆ ತಾಯಿ ಸಮಾಧಾನ ಹೇಳಿದ್ದು ಸಹಜವೇ.

‘ತಾಕತ್’ ಇನ್ನೂ ಮೋಸದ ಪದ. ಅಲ್ಲಿ ಅದು ತಾಳ್ಮೆ, ಸಹನೆ. ‘ತಾಕತಿಮ್ ಕಾಲ್ಮದಿ’ ಎಂದರೆ ನನ್ನಲ್ಲಿ ಬಲ ಉಳಿದಿಲ್ಲ ಎಂದಲ್ಲ, ನನಗೆ ತಾಳ್ಮೆ ಉಳಿದಿಲ್ಲ ಎಂದು. ರೋಗಿಯ ಎದುರು ವೈದ್ಯೆಯೊಬ್ಬಳು ಹೀಗೆ ಹೇಳಿದರೆ ಎಷ್ಟು ನೋವಾದೀತೆಂದು ಯೋಚಿಸಿ. ಬಲವಿಲ್ಲ ಎನ್ನಲು ‘ಕುವ್ವತಿಮ್ ಕಾಲ್ಮದಿ’ ಎನ್ನಬಹುದು. ‘ಕುವ್ವತ್’ ಎರಡೂ ಕಡೆ ನಂಬಿಗಸ್ತವಾಗಿ ಒಂದೇ ಅರ್ಥವನ್ನು ಉಳಿಸಿಕೊಂಡಿದೆ. ಅಪ್ಪಟ ತುರ್ಕಿ ಪದ ಬೇಕಾದರೆ ‘ಕುಚ್’ ಇದೆ.

‘ಬೇಜಾರ್’ ಎಂಬುದಕ್ಕೆ ಅಲ್ಲಿ ಸಾಕುಸಾಕಾಗಿ ಹೋಗುವುದು, ರೋಸಿ ಹೋಗುವುದು ಎಂದರ್ಥ. ನಮ್ಮ ಕರಾವಳಿಯಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಕೇಳಿದಾಗಲೂ ‘ಬೇಜಾರಾಯಿತು’ ಎನ್ನುತ್ತೇವೆ. ಅಲ್ಲಿ ಹಾಗೆ ಹೇಳಿದರೆ ದೊಡ್ಡ ಅಪಚಾರವಾದೀತು. ‘ಬು ಇಶ್ದನ್ ಬೇಜಾರ್ ಬೋಲ್ದಿಮ್’ ಎಂದರೆ ‘ಈ ಕೆಲಸ ನನಗೆ ಸಾಕಾಗಿ ಹೋಯಿತು’. ಇದು ಮೈಯ ದಣಿವಲ್ಲ, ಮನಸ್ಸು ತಿರುಗಿ ನಿಂತದ್ದು. ಪಾಳಿ ಮುಗಿಸಿ ‘ಚರ್ಚದಿಮ್’ ಎಂದರೆ ಚಹಾ ಕೊಡುತ್ತಾರೆ, ‘ಬೇಜಾರ್ ಬೋಲ್ದಿಮ್’ ಎಂದರೆ ಏನಾಯಿತೆಂದು ಕಳವಳದಿಂದ ವಿಚಾರಿಸುತ್ತಾರೆ.

ಇನ್ನು ‘ಮಜ’. ಮೂಲ ಅರ್ಥ ರುಚಿ ಎಂದು ತಂಗಿ ತಿಳಿದದ್ದು ಸರಿ. ನಾವು ಅದರಿಂದ ‘ಮಜಾ’ ಮಾಡಿಕೊಂಡೆವು, ಅವರು ಅದನ್ನು ಮೈಯ ನೆಮ್ಮದಿಗೆ ಬಳಸಿದರು. ‘ಮಜಮ್ ಯೋಕ್’ ಎಂದರೆ ‘ನನಗೆ ಮೈ ಸರಿಯಿಲ್ಲ’. ‘ಮಜಮ್ ಕಾಚ್ದಿ’ ಎಂದರೆ ಆ ನೆಮ್ಮದಿ ಓಡಿಹೋಯಿತು, ಅಂದರೆ ಇದ್ದಕ್ಕಿದ್ದ ಹಾಗೆ ಅಸ್ವಸ್ಥನಾದೆ ಎಂದು. ಹಿಂದಿ, ಉರ್ದು ಬಲ್ಲವರು ‘ಖಸ್ತ’ ಎಂಬ ಪದದ ಬಗ್ಗೆಯೂ ಎಚ್ಚರವಾಗಿರಬೇಕು: ಇರಾನಿನಲ್ಲಿ ಅದು ದಣಿದವನು, ಉಜ್ಬೆಕಿನಲ್ಲಿ ಕಾಯಿಲೆಯವನು.

ಒಂದು ಪದ ಮಾತ್ರ ನಿಮಗೆ ಸಂತೋಷ ಕೊಡುತ್ತದೆ, ಗುರುಗಳೇ. ಅಲ್ಲಿ ಕ್ಷೇಮಸಮಾಚಾರ ಕೇಳುವಾಗ ‘ಅಹ್ವಾಲಿಂಗಿಜ್ ಕಲಯ್?’ ಎನ್ನುತ್ತಾರೆ. ‘ಅಹ್ವಾಲ್’ ಎಂದರೆ ಸ್ಥಿತಿಗತಿ. ತಹಶೀಲ್ದಾರರ ಮುಂದೆ ನಾವು ಸಲ್ಲಿಸುವ ಅಹವಾಲು ಇದೇ.

ವಾರ್ಡಿನ ವೈದ್ಯೆ (ಕಂಕನಾಡಿ, ಮಂಗಳೂರು)

ನಾನೂ ಸಮರ್ಕಂದದಲ್ಲಿಯೇ ಓದಿ ಬಂದವಳು, ಆದ್ದರಿಂದ ವಾರ್ಡಿಗೆ ಸಂಬಂಧಿಸಿದ್ದನ್ನು ಮಾತ್ರ ಸೇರಿಸುತ್ತೇನೆ.

ಮೊದಲನೆಯದಾಗಿ, ‘ಚರ್ಚದಿಮ್’ ಎಂಬುದು ಕೆಲಸ ಮಾಡಿ ದಣಿದವರ ಮಾತು. ಕಾಯಿಲೆಯಿಂದ ಬಂದ ನಿತ್ರಾಣವನ್ನು ಅವರು ಬೇರೆ ರೀತಿಯಲ್ಲಿ ಹೇಳುತ್ತಾರೆ. ‘ಹಾಲಿಮ್ ಯೋಕ್’, ‘ಮದಾರಿಮ್ ಯೋಕ್’, ‘ದರ್ಮಾನಿಮ್ ಯೋಕ್’ ಎಂಬ ಮೂರೂ ‘ನನ್ನಲ್ಲಿ ತ್ರಾಣವಿಲ್ಲ’ ಎಂಬಷ್ಟೇ ಅರ್ಥದವು. ‘ಸಿಜ್’ ಎಂಬುದು ‘ಇಲ್ಲದ’ ಎಂಬ ಅರ್ಥದ ಪ್ರತ್ಯಯ, ‘ಲಿಕ್’ ಭಾವನಾಮದ ಪ್ರತ್ಯಯ. ಅವೆರಡನ್ನು ‘ಹಾಲ್’ ಪದಕ್ಕೆ ಹಚ್ಚಿದರೆ ‘ಹಾಲ್‌ಸಿಜ್‌ಲಿಕ್’ ಎಂಬ ಪದ ಆಗುತ್ತದೆ. ನಮ್ಮ ‘ನಿತ್ರಾಣ’ದಲ್ಲಿ ‘ಇಲ್ಲ’ ಎಂಬ ಅಂಶ ಮುಂದೆ ಬಂದರೆ ಅಲ್ಲಿ ಹಿಂದೆ ಬರುತ್ತದೆ. ರೋಗಿಯ ದಾಖಲೆಯಲ್ಲಿ ‘ಹಾಲ್‌ಸಿಜ್‌ಲಿಕ್, ತೆಜ್ ಚರ್ಚಶ್’ ಎಂಬ ಜೋಡಿಯನ್ನು ನೀವು ಮತ್ತೆ ಮತ್ತೆ ಕಾಣುವಿರಿ: ನಿಶ್ಶಕ್ತಿ, ಬೇಗನೆ ದಣಿಯುವುದು. 1993ರಲ್ಲಿ ಲ್ಯಾಟಿನ್ ಲಿಪಿಗೆ ಕಾನೂನು ಆದರೂ ಸಿರಿಲಿಕ್ ಇನ್ನೂ ಬಳಕೆಯಲ್ಲಿದೆ, ಹಿರಿಯ ವೈದ್ಯರ ಕೈಬರಹ ಅದರಲ್ಲೇ ಇರುವುದು ಹೆಚ್ಚು. ಈ ಎರಡು ಪದಗಳನ್ನು ಎರಡೂ ಲಿಪಿಗಳಲ್ಲಿ ಗುರುತಿಸಲು ರಜೆಯಲ್ಲಿಯೇ ಕಲಿತುಕೊಳ್ಳಿ.

ಎರಡನೆಯದಾಗಿ, ಕ್ರಿಯಾಪದದ ಕಾಲವನ್ನು ಗಮನವಿಟ್ಟು ಕೇಳಿ. ‘ಚರ್ಚಬ್ ಕಾಲ್ದಿಮ್’ ಎಂದರೆ ಆ ದಿನದ ಮಾತು. ‘ತೆಜ್ ಚರ್ಚಬ್ ಕಾಲಮನ್’ ಎಂದರೆ ‘ನನಗೆ ಬೇಗ ಸುಸ್ತಾಗುತ್ತದೆ’, ಅಂದರೆ ಅದು ದಿನನಿತ್ಯದ ಪಾಡು. ಈ ಎರಡನೆಯ ಮಾತು ಕಿವಿಗೆ ಬಿದ್ದರೆ ಕೂಡಲೇ ‘ಕಚಾನ್‌ದನ್ ಬೆರಿ?’ ಎಂದು, ಎಂದಿನಿಂದ ಹೀಗಿದೆ ಎಂದು ಕೇಳಬೇಕು. ಮೆಟ್ಟಿಲು ಹತ್ತಿದರೆ ಸುಸ್ತಾಗುತ್ತದೆ ಎನ್ನುವವರು ‘ಜಿನಾದನ್ ಚಿಕ್ಸಮ್, ಚರ್ಚಬ್ ಕಾಲಮನ್’ ಎನ್ನುತ್ತಾರೆ. ಅದರ ಜೊತೆಗೆ ‘ನಫಸಿಮ್ ಕಿಸ್ಯಪ್ತಿ’ ಎಂದೂ ಹೇಳಿದರೆ ಉಸಿರು ಕಟ್ಟುತ್ತಿದೆ ಎಂದರ್ಥ. ಅದನ್ನು ಬರಿಯ ಸುಸ್ತೆಂದು ಬರೆದುಕೊಳ್ಳದೆ ಹಿರಿಯ ವೈದ್ಯರಿಗೆ ಆಗಲೇ ತಿಳಿಸಿ. ಸುಸ್ತು ಎಂಬ ಒಂದೇ ಪದದ ಕೆಳಗೆ ರಕ್ತಹೀನತೆಯಿಂದ ಹಿಡಿದು ಹೃದಯದ ತೊಂದರೆಯವರೆಗೆ ಏನು ಬೇಕಾದರೂ ಅಡಗಿರಬಹುದು ಎಂಬುದು ನಮ್ಮ ಮಂಗಳೂರಿನ ಆಸ್ಪತ್ರೆಗಳಲ್ಲಿಯೂ ನಾನು ದಿನಾಲೂ ಕಾಣುವ ಸತ್ಯ.

ಮೂರನೆಯ ಮಾತು ಸಮರ್ಕಂದ, ಬುಖಾರಾಗಳಿಗೆ ಸೀಮಿತವಾದದ್ದು. ಅಲ್ಲಿ ಎಷ್ಟೋ ಮನೆಗಳ ಮಾತು ತಾಜಿಕ್. ‘ಮಾಂದ ಶುದಮ್’ ಎಂದು ಯಾರಾದರೂ ಹೇಳಿದರೆ ಅದು ಉಜ್ಬೆಕ್ ಅಲ್ಲ, ತಾಜಿಕ್; ಅರ್ಥ ‘ದಣಿದೆ’ ಎಂದೇ. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು ಆಡಿ ಬೆಳೆದ ತುಳುನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಬ್ರಹ್ಮಾವರದ ಗೃಹಿಣಿ

ನಾನು ಭಾಷೆ ಕಲಿಯುವವಳಲ್ಲ, ಆದರೆ ಈ ಚರ್ಚೆಯನ್ನು ಓದುತ್ತಾ ಒಂದು ಪ್ರಶ್ನೆ ಮೂಡಿತು. ಬಿಸಿಲಿನಲ್ಲಿ ನಡೆದು ಬಂದವರಿಗೆ ನಮ್ಮಲ್ಲಿ ಮೊದಲು ಬೆಲ್ಲ, ನೀರು ಕೊಟ್ಟು ಆಸರು ಕಳೆದ ಮೇಲೆಯೇ ಬಂದ ವಿಷಯ ಕೇಳುವುದು. ಇನ್ನೊಬ್ಬರ ದಣಿವನ್ನು ಗುರುತಿಸಿ ಹೇಳುವ ಮಾತು ಆ ನಾಡಿನಲ್ಲಿ ಏನಾದರೂ ಇದೆಯೇ? ನನಗೆ ಸುಸ್ತಾಗಿದೆ ಎಂದು ಹೇಳಲು ಕಲಿಯುವುದಕ್ಕಿಂತ ನಿಮಗೆ ಸುಸ್ತಾಗಿರಬೇಕು ಎಂದು ಹೇಳಲು ಕಲಿಯುವುದು ವೈದ್ಯೆಯಾಗುವವಳಿಗೆ ಹೆಚ್ಚು ಬೇಕಾದೀತೆಂದು ನನಗೆ ತೋರುತ್ತದೆ.

ತಾಶ್ಕೆಂಟಿನಲ್ಲಿ ಇದ್ದವ (ಸುರತ್ಕಲ್)

ಅಕ್ಕ, ನಾನು ಮೊದಲೇ ಹೇಳಬೇಕಾಗಿದ್ದ ಮಾತನ್ನು ನೀವು ನೆನಪಿಸಿದಿರಿ. ಕೆಲಸ ಮಾಡುತ್ತಿರುವ ಯಾರನ್ನೇ ದಾಟಿ ಹೋಗುವಾಗಲೂ, ಅವರು ಹೊಲದಲ್ಲಿರಲಿ, ರಸ್ತೆ ಗುಡಿಸುತ್ತಿರಲಿ, ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿರಲಿ, ಅಲ್ಲಿಯವರು ‘ಹಾರ್ಮಂಗ್!’ ಎನ್ನುತ್ತಾರೆ. ಅಕ್ಷರಶಃ ಅರ್ಥ ‘ದಣಿಯದಿರಿ’. ಅದಕ್ಕೆ ಉತ್ತರ ‘ಬಾರ್ ಬೋಲಿಂಗ್’. ‘ಬಾರ್’ ಎಂದರೆ ‘ಇದೆ’, ‘ಯೋಕ್’ ಎಂಬುದರ ವಿರುದ್ಧ ಪದ. ಒಟ್ಟು ಅರ್ಥ ‘ನೀವು ಇರುವವರಾಗಿ’ ಎಂಬ ಹಾರೈಕೆ. ದಣಿಯದಿರಿ ಎಂದವರಿಗೆ ಬಾಳಿ ಎಂದು ಮರುನುಡಿಯುವ ಈ ರೂಢಿಯನ್ನು ನಾನು ಊರಿಗೆ ಬಂದ ಮೇಲೂ ಮರೆತಿಲ್ಲ. ಈ ‘ಹಾರ್’ ಎಂಬುದು ದಣಿಯುವುದಕ್ಕೆ ಇರುವ ಇನ್ನೊಂದು ಧಾತು. ಈಚಿನ ಮಾತಿನಲ್ಲಿ ‘ಚರ್ಚ’ ಅದರ ಜಾಗವನ್ನು ಬಹುಮಟ್ಟಿಗೆ ಹಿಡಿದಿದ್ದರೂ ಎರಡೂ ಜೊತೆಯಾಗಿ ‘ಹಾರಿಬ್-ಚರ್ಚಬ್’ ಎಂಬ ಜೋಡುನುಡಿಯಲ್ಲಿ ಉಳಿದಿವೆ, ನಮ್ಮ ‘ಆಸರು-ಬೇಸರು’ ಇದ್ದ ಹಾಗೆ.

ಬೆಲ್ಲ-ನೀರಿನ ಜಾಗದಲ್ಲಿ ಅಲ್ಲಿ ಹಿಡಿಯಿಲ್ಲದ ಬಟ್ಟಲಿನಲ್ಲಿ ಚಹಾ ಬರುತ್ತದೆ. ‘ಬಿರ್ ಪಿಯಾಲ ಚಾಯ್ ಇಚಿಂಗ್, ಹಾರ್ದಿಕ್ ಚಿಕರಿಂಗ್’, ಅಂದರೆ ಒಂದು ಬಟ್ಟಲು ಚಹಾ ಕುಡಿಯಿರಿ, ದಣಿವಾರಿಸಿಕೊಳ್ಳಿ. ಈ ‘ಹಾರ್ದಿಕ್’ ನಮ್ಮ ಹಾರ್ದಿಕ ಸ್ವಾಗತದ್ದಲ್ಲ, ‘ಹಾರ್’ ಧಾತುವಿಗೆ ಸೇರಿದ್ದು. ನಾವು ದಣಿವನ್ನು ಆರಿಸುತ್ತೇವೆ, ಅವರು ಹೊರಗೆ ತೆಗೆಯುತ್ತಾರೆ. ಸರಳವಾಗಿ ‘ದಮ್ ಆಲಿಂಗ್’ ಎಂದರೂ ಆಯಿತು: ಉಸಿರು ತೆಗೆದುಕೊಳ್ಳಿ, ಅಂದರೆ ವಿಶ್ರಾಂತಿ ಪಡೆಯಿರಿ.

ಕಡಿಯಾಳಿ ವಿದ್ಯಾರ್ಥಿನಿ (ಉಡುಪಿ)

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಬ್ರಹ್ಮಾವರದ ಅಮ್ಮ ಕೇಳಿದ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಬೆಳಗಿನ ಪಾಳಿಗೆ ಹೋದಾಗ ದಾದಿಯರು ಒಬ್ಬರಿಗೊಬ್ಬರು ‘ಹಾರ್ಮಂಗ್’ ಎನ್ನುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅದು ಯಾರದೋ ಹೆಸರಿರಬೇಕೆಂದು ಇಷ್ಟು ದಿನ ತಿಳಿದಿದ್ದೆ. ಸೆಪ್ಟೆಂಬರಿನಲ್ಲಿ ಮರಳಿ ಹೋದ ದಿನವೇ ಆ ಹಿರಿಯ ದಾದಿಗೆ ಮೊದಲು ಅದನ್ನೇ ಹೇಳುತ್ತೇನೆ.

ರೋಗಿಗಳಿಗಾಗಿ ನಾಲ್ಕು ವಾಕ್ಯಗಳನ್ನು ಬರೆದುಕೊಂಡಿದ್ದೇನೆ, ತಪ್ಪಿದ್ದರೆ ತಿದ್ದಿ. ‘ಅಹ್ವಾಲಿಂಗಿಜ್ ಕಲಯ್? ಮಜಂಗ್ ಯೋಕ್‌ಮಿ? ತೆಜ್ ಚರ್ಚಬ್ ಕಾಲಸಿಜ್‌ಮಿ? ಕಚಾನ್‌ದನ್ ಬೆರಿ?’ ಹೇಗಿದ್ದೀರಿ, ಮೈ ಸರಿಯಿಲ್ಲವೇ, ಬೇಗ ಸುಸ್ತಾಗುತ್ತದೆಯೇ, ಎಂದಿನಿಂದ ಎಂಬುದು ನನ್ನ ಉದ್ದೇಶ. ಮೊದಲ ಸಲ ಇದನ್ನು ಅಜ್ಜಿಯಂಥವರೊಬ್ಬರ ಮುಂದೆಯೇ ಹೇಳಬೇಕೆಂಬ ಆಸೆಯಿದೆ.

ತಾಶ್ಕೆಂಟಿನಲ್ಲಿ ಇದ್ದವ (ಸುರತ್ಕಲ್)

ಮೂರು ವಾಕ್ಯಗಳು ಸರಿಯಾಗಿವೆ, ಎರಡನೆಯದನ್ನು ಮಾತ್ರ ತಿದ್ದಿಕೊಳ್ಳಿ. ‘ಮಜಂಗ್’ ಎಂಬುದು ‘ನೀನು’ ಎನ್ನುವವರಿಗೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಜ್ಜಿಯನ್ನು ಪ್ರೀತಿಯಿಂದ ‘ನೀನು’ ಎಂದೇ ಕರೆಯುತ್ತೇವೆ, ನಿಮ್ಮ ಲೇಖನಿಗೆ ಅದೇ ಬಂದಿರಬೇಕು. ಅಲ್ಲಿ ಸ್ವಂತ ತಂದೆತಾಯಿಯನ್ನೂ ‘ಸಿಜ್’ ಎಂದು, ನೀವು ಎಂದು, ಮಾತನಾಡಿಸುವುದು ವಾಡಿಕೆ. ಆದ್ದರಿಂದ ಆ ಅಜ್ಜಿಗೆ ‘ಮಜಂಗಿಜ್ ಯೋಕ್‌ಮಿ?’ ಎನ್ನಿ.